ಎರಡನೇ ಆವೃತ್ತಿಯ ಮೊಟ್ಟೆಗಳು

ಚಿಕ್ಕಮ್ಮನ ಹ್ಯಾಚರಿ, ಮಹಡಿಯ ಕೋಣೆ
ಫೆಬ್ರವರಿ ೬, ಮಂಗಳವಾರ

ಪ್ರೀತಿಯ ಪುಟ್ಟಾ,

(ಪ್ರೀತಿ ಇನ್ನೂ ಇದೆ. ಇಲ್ಲದಿದ್ದರೆ ಬೈಯುವುದಕ್ಕೆ ಇಷ್ಟು ಕಾಗದ ಯಾಕೆ ಹಾಳು ಮಾಡಲಿ?)

ಹೇಗಿದ್ದೀಯ? ಹಡಗಿನ ಓಲಾಟಕ್ಕೆ ಬರುತ್ತಿದ್ದ ವಾಂತಿ ನಿಂತಿತೇ? ಬೆನ್ನಿಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದೀಯೋ, ಅದನ್ನೂ ಹಳೆಯದೆಂದು ಸಮುದ್ರಕ್ಕೆ ಎಸೆದೆಯೋ? ಅಪ್ಪನಿಗೆ ಹೊಸ ಕನ್ನಡಕ ಬಂದಿದೆ. ಅದನ್ನು ಹಾಕಿಕೊಂಡೇ ಹಳೆಯದನ್ನು ಹುಡುಕುತ್ತಾರೆ. ಅಮ್ಮ ಆರಾಮ. ಕ್ಷೇಮ ಸಮಾಚಾರ ಮುಗಿಯಿತು. ಈಗ ಗಟ್ಟಿಯಾಗಿ ಕೂತುಕೋ.

ಹಡಗು ಹತ್ತುವ ಹಿಂದಿನ ದಿನ ನಮ್ಮ ಪ್ರಾಜೆಕ್ಟನ್ನು ಗುಡಿಸಿ ಸಾರಿಸಿ ಹೋದೆಯಲ್ಲ, ಮಹಾರಾಯ. ಕೋಳಿಮೊಟ್ಟೆಗೆ ಕಾವು ಕೊಡುವ ಮೆಷಿನ್ ನಡೆಸುವ ಈ ಸಾಫ್ಟ್‌ವೇರನ್ನು ಶುರು ಮಾಡಿದವನು ನೀನು, ಒಪ್ಪಿದೆ. ಅದರ ಕೈಪಿಡಿ ಬರೆಯುತ್ತಾ ಬಂದವಳು ನಾನು. ಪುಕ್ಕಟೆಯಾಗಿ ತಿದ್ದಿ ಬೆಳೆಸಿದವರು ಎಲ್ಲೆಲ್ಲಿಯವರೋ. ನಮ್ಮ ಯಾರನ್ನೂ ಒಂದು ಮಾತು ಕೇಳದೆ ಎರಡನೇ ಆವೃತ್ತಿಯ ಕೋಡ್ ಇದ್ದ ಬ್ರಾಂಚ್ ಮುಚ್ಚಿದೆ. ಅದರ ಕೈಪಿಡಿಯನ್ನು ವೆಬ್‌ಸೈಟಿನಿಂದ ಅಳಿಸಿದೆ. ಅಷ್ಟಕ್ಕೇ ಸುಮ್ಮನಾಗದೆ, ಹಳೆಯ ಪುಟ ತೆರೆದವರೆಲ್ಲ ಸೀದಾ ನಾಲ್ಕನೇ ಆವೃತ್ತಿಯ ಪುಟಕ್ಕೆ ಹೋಗಿ ಬೀಳುವಂತೆ ಮಾಡಿದೆ. ಇದು ಯಾವ ಆವೃತ್ತಿಯದು ಎಂದು ಪ್ರತಿ ಪುಟದ ತಲೆಯ ಮೇಲೆ ನಾನು ಹಾಕಿದ್ದ ಹಳದಿ ಪಟ್ಟಿಯನ್ನೂ ಕಿತ್ತೆ. ನೋಡಲು ಚೆನ್ನಾಗಿಲ್ಲವಂತೆ! 'ಹಳೇದನ್ನ ಇನ್ನೂ ಯಾರು ಉಪಯೋಗಿಸ್ತಾರೆ ಅಕ್ಕಾ' ಎಂದು ಒಂದು ಸಾಲು ಬರೆದಿಟ್ಟು ಹೊರಟೆ. ಯಾರು ಎಂದು ಹೇಳಲೇ? ಚಿಕ್ಕಮ್ಮ.

ಅವಳ ಮೆಷಿನ್ನಿನ ಬೋರ್ಡಿಗೆ ಬೆಸುಗೆ ಹಾಕಿದವನೇ ನೀನು. ಅದರಲ್ಲಿ ನಾಲ್ಕನೇ ಆವೃತ್ತಿ ಓಡುವುದೇ ಇಲ್ಲ ಎಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಳೆದ ವಾರ ಕರೆಂಟು ಹೋಗಿ ಬಂದು ಸೆಟ್ಟಿಂಗ್ ಎಲ್ಲ ಅಳಿಸಿಹೋಯಿತು. ಚಿಕ್ಕಮ್ಮ ಎಂದಿನಂತೆ ಫೋನಿನಲ್ಲಿ ಕೈಪಿಡಿ ತೆರೆದಳು. ಎರಡನೆಯದು ಬಿಸಿಯನ್ನು ಫ್ಯಾರನ್‌ಹೀಟಿನಲ್ಲಿ ಕೇಳುತ್ತದೆ, ನಾಲ್ಕನೆಯದು ಸೆಲ್ಸಿಯಸ್ಸಿನಲ್ಲಿ. ಅವಳಿಗೆ ಬೇಕಿದ್ದದ್ದು ತೊಂಬತ್ತೊಂಬತ್ತೂವರೆ, ನಿನ್ನ ಪುಟ ಹೇಳಿದ್ದು ಮೂವತ್ತೇಳೂವರೆ. ಹಳೆಯ ಅಂಕಿ ಅವಳಿಗೆ ಬಾಯಿಪಾಠವಿತ್ತು ಕಣೋ! ಆದರೂ ಮಕ್ಕಳು ಏನೋ ಬದಲಾಯಿಸಿರಬೇಕು ಎಂದು ತನ್ನ ನೆನಪನ್ನು ಬಿಟ್ಟು ನಿನ್ನ ಪುಟವನ್ನು ನಂಬಿದಳು. ಮೆಷಿನ್ ಆ ಅಂಕಿಯನ್ನು ಫ್ಯಾರನ್‌ಹೀಟ್ ಎಂದೇ ತಿಳಿಯಿತು. ಅದು ಫ್ರಿಜ್ಜಿನ ಚಳಿ. ಒಳಗಿನ ಬಿಸಿ ಅದಕ್ಕಿಂತ ಹೆಚ್ಚೇ ಇದ್ದುದರಿಂದ ಎಲ್ಲ ಸರಿ ಎಂಬ ಹಸಿರು ದೀಪ ಉರಿಸಿಕೊಂಡು, ಕಾವು ಕೊಡದೆ ತೆಪ್ಪಗಿತ್ತು. ಬೆಳಿಗ್ಗೆ ಬಾಗಿಲು ತೆಗೆದರೆ ಟ್ರೇಗಳೆಲ್ಲ ತಣ್ಣಗೆ. ಮರಿ ಹೊರಬರಲು ವಾರವೂ ಉಳಿದಿರಲಿಲ್ಲ. ನಾನೂ ಅವಳೂ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದೆವು. ಯಾವುದೂ ಮಿಸುಕಲಿಲ್ಲ.

ನನ್ನ ಪಿತ್ತ ನೆತ್ತಿಗೇರಿದ್ದು ಅದಕ್ಕಲ್ಲ. ಟ್ರೇ ತೊಳೆಯುತ್ತಾ ಅವಳು ಆಡಿದ ಮಾತಿಗೆ. 'ನಾನೇ ಏನೋ ತಪ್ಪು ಒತ್ತಿರ್ಬೇಕು ಕಣೇ. ಪುಟ್ಟಂಗೆ ಹೇಳ್ಬೇಡ, ಪಾಪ, ಬೇಜಾರು ಮಾಡ್ಕೋತಾನೆ. ವಯಸ್ಸಾಯ್ತು, ಇನ್ನು ಈ ಹ್ಯಾಚರಿ ಸಾಕು.' ಕೇಳಿಸಿತೇ? ತಪ್ಪು ಅವಳದಂತೆ. ಅಂಗಡಿ ಮುಚ್ಚುತ್ತಾಳಂತೆ. ನಿನ್ನ ಮೊದಲ ಆವೃತ್ತಿ ಹುಟ್ಟಿದ್ದು ಅವಳ ಶೆಡ್ಡಿನಲ್ಲಿ. ನೀನು ಕೋಡ್ ಬರೆಯುತ್ತಾ ಕೂತಿದ್ದರೆ ತಟ್ಟೆಗೆ ಬಡಿಸಿ, ತಿಂದೆಯೋ ಇಲ್ಲವೋ ಎಂದು ಮತ್ತೆ ಬಂದು ನೋಡುತ್ತಿದ್ದವಳು ಅವಳು. ಹಳೆಯ ಬ್ರಾಂಚ್ ಮುಚ್ಚುವ ಮೊದಲು ಎಲ್ಲರಿಗೂ ತಿಳಿಸಿ, ಮೆಷಿನ್ನಿನಲ್ಲಿರುವ ಮೊಟ್ಟೆ ಮರಿಯಾಗುವವರೆಗೆ ಕಾಯಬೇಕೆಂಬ ನಿಯಮವನ್ನು ಬರೆದವನೂ ನೀನೇ. ನಿಯಮ ಊರಿಗೆಲ್ಲ, ದೊರೆಗಿಲ್ಲವೇ?

ಅಳಿಸಿದ ಪುಟಗಳ ಪ್ರತಿ ನನ್ನ ಹತ್ತಿರವಿದೆ. ಮತ್ತೆ ಹಾಕಲು ಒಂದು ಗಳಿಗೆ ಸಾಕು. ಆದರೆ ವೆಬ್‌ಸೈಟಿನ ಪಾಸ್‌ವರ್ಡ್ ನಿನ್ನೊಬ್ಬನ ಬಳಿಯೇ ಇದೆ, ನೀನು ಇಂಟರ್ನೆಟ್ಟಿಲ್ಲದ ಕಡಲಲ್ಲಿ ಅಲೆ ಅಳೆಯುತ್ತಿದ್ದೀಯ. ಸಾಮಾನಿನ ದೋಣಿಯಲ್ಲಿ ಈ ಕಾಗದ ತಲುಪಿದ ಕೂಡಲೇ, ಕ್ಯಾಪ್ಟನ್ನನ ಕಾಲು ಹಿಡಿದಾದರೂ ಸರಿ, ರೇಡಿಯೋದಲ್ಲಿ ಪಾಸ್‌ವರ್ಡ್ ಹೇಳಿಕಳಿಸು. ಎರಡನೇ ಆವೃತ್ತಿಯನ್ನೇ ಓಡಿಸುತ್ತಿರುವ ಇನ್ನೆಷ್ಟು ಜನ ಅದೇ ಅಂಕಿ ಒತ್ತುತ್ತಿದ್ದಾರೋ, ಯಾರಿಗೆ ಗೊತ್ತು?

ಅಪ್ಪ ಅಮ್ಮನ ಆಶೀರ್ವಾದ. ನನ್ನದು ಸದ್ಯಕ್ಕೆ ತಡೆಹಿಡಿದಿದೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ,
ಕೈಪಿಡಿ ಅಕ್ಕ

ತಾ.ಕ.: ಬುಧವಾರ. ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಪಾಸ್‌ವರ್ಡ್ ಬೇಡ. ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದು ಎಂದು ನೀನೇ ಪರವಾನಗಿ ಕೊಟ್ಟಿದ್ದೆಯಲ್ಲ, ನಿನ್ನೆ ಸಂಜೆ ನಾವೆಲ್ಲ ಸೇರಿ ಪ್ರಾಜೆಕ್ಟನ್ನು ಹಾಗೇ ಎತ್ತಿಕೊಂಡು ಬೇರೆ ವೆಬ್‌ಸೈಟಿನಲ್ಲಿ ಹೊಸ ಮನೆ ಮಾಡಿದೆವು. ಎಲ್ಲ ಆವೃತ್ತಿಗಳ ಕೈಪಿಡಿಯೂ ಹಳದಿ ಪಟ್ಟಿ ಹೊತ್ತು ಅಲ್ಲಿದೆ, ಗೊತ್ತಿದ್ದವರಿಗೆಲ್ಲ ಹೊಸ ವಿಳಾಸ ತಿಳಿಸಿದ್ದೇವೆ. ಹಳೆಯ ಆವೃತ್ತಿ ಓಡಿಸುವವರು ಒಪ್ಪದೆ ಇನ್ನು ಯಾವ ಬ್ರಾಂಚೂ ಮುಚ್ಚುವಂತಿಲ್ಲ. ಅವರ ಪರವಾಗಿ ಒಪ್ಪಿಗೆ ಕೊಡುವವಳು ಚಿಕ್ಕಮ್ಮ. ಅವಳಿಗೆ ನಿಜ ಹೇಳಿಬಿಟ್ಟೆ. ಎದ್ದು ಹೋಗಿ ಮೆಷಿನ್ನಿನಲ್ಲಿ ಹೊಸ ಮೊಟ್ಟೆ ಜೋಡಿಸಿದಳು. ನಿನ್ನನ್ನು ಹೊಸ ಮನೆಗೆ ಸೇರಿಸಿಕೊಳ್ಳೋಣವೇ ಎಂದು ಕೇಳಿದ್ದಕ್ಕೆ, 'ಮೊದ್ಲು ಬಂದು ನನ್ನ ಟ್ರೇ ತೊಳೀಲಿ, ಆಮೇಲೆ ನೋಡೋಣ' ಎಂದಳು.