ಒಂದು ಮೀಟರಿನ ನಕ್ಷತ್ರ

ಮಾರ್ಚ್ ೩
ಹೊಸ ನಕ್ಷತ್ರದ ಹಾಲ್‌ನಲ್ಲಿ ಇವತ್ತು ಶಾಲಾಮಕ್ಕಳ ಮೂರು ಬ್ಯಾಚ್. ಗಂಟಲು ಬಿದ್ದುಹೋಗಿದೆ. ಆರು ವರ್ಷದಿಂದ ಈ ಮ್ಯೂಸಿಯಂನಲ್ಲಿ ಗೈಡ್, ಇಷ್ಟು ಪ್ರಶ್ನೆ ಯಾವ ಹಾಲ್‌ನಲ್ಲೂ ಬಂದಿರಲಿಲ್ಲ. ನೆಲದ ತುಂಬ ಊರು, ಸುತ್ತಲ ತಾಲ್ಲೂಕುಗಳ ನಕಾಶೆ. ಅದೇ ಅಳತೆಗೆ ಸೂರಿನಿಂದ ತೂಗುವ ಗುಂಡು — ನ್ಯೂಟ್ರಾನ್ ನಕ್ಷತ್ರ. ನಿಜದಲ್ಲಿ ಇಪ್ಪತ್ತು ಕಿಲೋಮೀಟರ್ ಅಗಲ, ಇಲ್ಲಿ ಒಂದು ಮೀಟರ್. "ಊರಷ್ಟೇ ಗಾತ್ರ, ಆದ್ರೆ ಸೂರ್ಯನಿಗಿಂತ ಭಾರ. ಒಂದು ಚಮಚ ತೆಗೆದ್ರೆ ನೂರಾರು ಕೋಟಿ ಟನ್" ಅಂದೆ.
"ಚಮಚ ಮುರಿಯಲ್ವಾ ಮಿಸ್?" ಅಂದಳು ಒಬ್ಬಳು. ಎಲ್ಲರೂ ನಕ್ಕೆವು.

ಮಾರ್ಚ್ ೫
ನಿರ್ದೇಶಕರು ಫೈಬರ್ ಗುಂಡನ್ನು ತಟ್ಟಿ ನೋಡಿದರು. ಡಬಡಬ. "ಏನ್ರೀ ಇದು, ಟೊಳ್ಳು ಕುಂಬಳಕಾಯಿ! ನಕ್ಷತ್ರ ಅಂದ್ರೆ ಭಾರ ಕಾಣ್ಬೇಕು." ಉಕ್ಕಿನದು ತರಿಸುತ್ತಾರಂತೆ.

ಮಾರ್ಚ್ ೧೧
ಉಕ್ಕಿನದು ಏರಿತು. ಇನ್ನೂರೈವತ್ತು ಕೆಜಿ. ಮೊದಲಿನದು ಬರೀ ಮೂವತ್ತು. ಕೊಂಡಿ ಮಾತ್ರ ಹಳೆಯದೇ. ಇಲ್ಲಿನ ವೆಲ್ಡರ್ ನಮ್ಮಣ್ಣ, ಅವನೇ ಹಾಕಿದ್ದು. ಹಳೇ ಕೊಂಡಿ ಸಾಕಾ ಅಂತ ಕೇಳಿದೆ.
"ಸಾಹೇಬ್ರು ಅರ್ಜೆಂಟ್ ಅಂದ್ರು. ತಡ್ಕೊಳತ್ತೆ ಬಿಡು."
ನನ್ನ ಮುಖ ನೋಡಲಿಲ್ಲ.

ಮಾರ್ಚ್ ೧೯
ನಕಾಶೆಯ ಮೇಲೆ ಬಿಳಿ ಪುಡಿ. ಗುಡಿಸಿದೆ. ಮಧ್ಯಾಹ್ನ ಮತ್ತೆ ಪುಡಿ. ತಲೆಯೆತ್ತಿದರೆ, ಕೊಂಡಿಯ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು.

ಮಾರ್ಚ್ ೨೦
"ಪ್ಲಾಸ್ಟರ್ ಅಮ್ಮಾ ಅದು. ಊರಿಗೆಲ್ಲ ಡಂಗುರ ಹೊಡೀಬೇಡಿ" ಅಂದರು ನಿರ್ದೇಶಕರು. ಹಾಗಂತ ಬರೆದುಕೊಡಿ ಅಂದೆ. "ಬರೆಯೋದಾದ್ರೆ ಕೊಂಡಿ ಹಾಕಿದವನ ಹೆಸರೂ ಬರೀಬೇಕಾಗತ್ತೆ."
ಅಣ್ಣನದು ಕಾಯಂ ಕೆಲಸವಲ್ಲ. ಅತ್ತಿಗೆಗೆ ಏಳು ತಿಂಗಳು. ಬಾಯಿ ಮುಚ್ಚಿಕೊಂಡು ಬಂದೆ... ಥೂ. ಮಕ್ಕಳನ್ನು ಗುಂಡಿನಿಂದ ದೂರ, ಗೋಡೆ ಬದಿಗೆ ನಿಲ್ಲಿಸಿ ವಿವರಿಸಿದೆ.

ಮಾರ್ಚ್ ೨೪
ಅಣ್ಣ ಏಣಿ ಹತ್ತಿದ. ಬಿರುಕಿನೊಳಗೆ ಬೆರಳು ಹೋಯಿತು. ಇಳಿದಾಗ ಅಂಗಿಯೆಲ್ಲ ಬೆವರು.
"ಚಿಕ್ಕೀ, ಇವತ್ತೇ ಇಳಿಸ್ಬೇಕು. ನಾನೇ ಹೇಳ್ತೀನಿ. ನನ್ನ ಹೆಸರು ಕೆಟ್ರೆ ಕೆಡ್ಲಿ."
ಹೋಗಿ ಹೇಳಿದ. ನಾಳೆ ದೊಡ್ಡ ಅತಿಥಿಗಳಿದ್ದಾರೆ, ಅವರು ಬಂದುಹೋಗಲಿ ಅಂದರಂತೆ ನಿರ್ದೇಶಕರು.

ಮಾರ್ಚ್ ೨೫, ಬೆಳಿಗ್ಗೆ ೯.೩೦
ಹಾಲ್‌ಗೆ ಬೀಗ ಜಡಿದೆ. ಕೀಲಿ ನನ್ನ ಹತ್ತಿರ. ಕೆಲಸ ಹೋಗುತ್ತದೆ ಅಂತ ನಿರ್ದೇಶಕರು ಕೂಗಾಡಿದರು. ಹೋಗಲಿ.

ಸಂಜೆ ೪, ಆಸ್ಪತ್ರೆ
ಹಿಂಬಾಗಿಲಿಗೆ ಇನ್ನೊಂದು ಕೀಲಿ ಇತ್ತು. ನಿರ್ದೇಶಕರ ಜೇಬಿನಲ್ಲೇ.
ನಾನು ಸುತ್ತಿ ಓಡುವಷ್ಟರಲ್ಲಿ, ಅತಿಥಿಗಳಿಗಾಗಿ ಮೊದಲೇ ಒಳಗೆ ಬಿಟ್ಟಿದ್ದ ಶಾಲಾಮಕ್ಕಳೆಲ್ಲ ನಕಾಶೆಯ ಮೇಲೆ, ತಮ್ಮ ಬೀದಿ ಹುಡುಕುತ್ತಿದ್ದರು. ಮೇಲಿಂದ ಪುಡಿ ಸುರಿಯಿತು. ಅಣ್ಣ ನುಗ್ಗಿದ. "ಆಚೆ! ಎಲ್ರೂ ಆಚೆ!" ಸಿಕ್ಕಿದವರನ್ನು ಬಾಚಿ ಬಾಚಿ ಬಾಗಿಲಿಗೆ ತಳ್ಳಿದ. ಮಕ್ಕಳೆಲ್ಲ ಹೊರಬಂದರು. ಗುಂಡು ಬಿತ್ತು. ಅವನು ಬರಲಿಲ್ಲ.

೪.೪೦
ನಿರ್ದೇಶಕರ ಗುಮಾಸ್ತ ಒಂದು ಹಾಳೆ ತಂದಿದ್ದಾನೆ. "ವೆಲ್ಡಿಂಗ್ ದೋಷದಿಂದ" ಎಂದಿದೆ. ನನ್ನ ಸಹಿ ಬೇಕಂತೆ. ಅದನ್ನೇ ತಿರುವಿ, ಮೂವತ್ತು ಕೆಜಿ, ಇನ್ನೂರೈವತ್ತು ಕೆಜಿ, ತಾರೀಖು, ಅವರಾಡಿದ ಮಾತು — ಎಲ್ಲ ಬರೆದು ಸಹಿ ಹಾಕಿ ಕೊಟ್ಟೆ. ಗುಮಾಸ್ತ ಬೆಚ್ಚಿಬಿದ್ದ.
ಅಣ್ಣನನ್ನು ಒಯ್ದ ಆಪರೇಷನ್ ಕೋಣೆಯ ಬಾಗಿಲು ತೆರೆಯಿತು. ಡಾಕ್ಟರ್ ನಮ್ಮ ಕಡೆಗೇ ಬರುತ್ತಿದ್ದಾರೆ. ಅತ್ತಿಗೆ ಗೋಡೆ ಹಿಡಿದು ಎದ್ದಳು. ಡಾಕ್ಟರ್ ಮಾಸ್ಕ್ ತೆಗೆಯುತ್ತಿದ್ದಾರೆ. ಪೆನ್ನು ಇಡುತ್ತೇನೆ, ಅತ್ತಿಗೆಯ ಕೈ ಹಿಡಿಯಬೇಕು.