ಹೋಗದ ಪ್ರವಾಸ

ಸೇನಾ ತರಬೇತಿ ಕೇಂದ್ರದ ಮುಖ್ಯಾಧಿಕಾರಿಗಳಿಗೆ,

ನನ್ನ ಮಗ ನಿಮ್ಮಲ್ಲಿ ತರಬೇತಿ ಪಡೆದು ಈಗ ಗಡಿಯ ಠಾಣೆಯಲ್ಲಿರುವ ವೈರ್‌ಲೆಸ್ ಆಪರೇಟರ್. ಹನ್ನೊಂದು ವರ್ಷದಿಂದ ಇಂಗ್ಲಿಷಿನಲ್ಲೇ ಸಂದೇಶ ಕಳಿಸುತ್ತಿದ್ದಾನೆ. ಆದರೂ ವಿದೇಶಕ್ಕೆ ಓದಲು ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆಯನ್ನೇ ಅವನಿಗೂ ಇಟ್ಟಿದ್ದೀರಿ. ಅದರ ಮಾತಿನ ಭಾಗದಲ್ಲಿ ಎರಡು ಸಲ ಫೇಲಾಗಿದ್ದಾನೆ. ಮೂರನೆಯ ಸಲವೂ ಹಾಗಾದರೆ ಬಡ್ತಿಯಿಲ್ಲ, ಗಡಿಯ ಠಾಣೆಯಿಂದ ವರ್ಗವೂ ಇಲ್ಲ.

ಅವನು ಮನೆಗೆ ಬಂದಾಗ, "ಪರೀಕ್ಷೇಲಿ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ಯೇನೋ?" ಎಂದು ಗದರಿದೆ.

"ಇತ್ತೀಚೆಗೆ ಎಲ್ಲಿಗೆ ಹೋಗಿದ್ರಿ, ಯಾರ ಜೊತೆ, ವಿವರವಾಗಿ ಹೇಳಿ ಅಂದ್ರಮ್ಮ. ನಾನು ಹೋಗಿದ್ದು ಡ್ಯೂಟಿಗೆ. ಹೊರಗಿನವರಿಗೆ ಹೇಳೋ ಹಾಗಿಲ್ಲ."

"ಸಮುದ್ರ ನೋಡೋಕೆ ಹೋಗಿದ್ದೆ ಅಂತ ಬುರುಡೆ ಬಿಡು."

ಸುಳ್ಳು ಹೇಳಿದನೆಂದು ಚಿಕ್ಕಂದಿನಲ್ಲಿ ಅವನಿಗೆ ಬೆತ್ತದ ರುಚಿ ತೋರಿಸಿದವಳು ನಾನೇ. "ನೀನೇ ಹೀಗಂದ್ರೆ ಹೇಗಮ್ಮ?" ಎಂದ.

ನಾನು ದಯೆ ಬೇಡುತ್ತಿಲ್ಲ. ಅವನ ಕೆಲಸದ ಇಂಗ್ಲಿಷನ್ನು ಕೇಳಿ. ಕೆಟ್ಟ ವೈರ್‌ಲೆಸ್ ಸೆಟ್ಟನ್ನು ಸರಿಮಾಡುವುದು ಹೇಗೆಂದು ಕೇಳಿ. ಪರೀಕ್ಷೆ ಬರುವ ಸೋಮವಾರ. ಅಷ್ಟರಲ್ಲಿ ಪ್ರಶ್ನೆ ಬದಲಾಗದಿದ್ದರೆ, ಹೋಗದ ಪ್ರವಾಸವೊಂದನ್ನು ಹೋಗಿ ಬಂದಂತೆ ಹೇಳಬೇಕೆಂದು ನೀವೇ ಅವನಿಗೆ ಆಜ್ಞೆ ಕೊಡಿ. ನಿಮ್ಮ ಮಾತನ್ನು ಅವನು ಮೀರುವುದಿಲ್ಲ. ಈ ಒಂದು ವಿಷಯದಲ್ಲಿ ನನ್ನ ಮಾತು ನಡೆಯುತ್ತಿಲ್ಲ.

ಉತ್ತರಕ್ಕೆ ಕಾಯುತ್ತಿರುವ,
ಆಪರೇಟರನ ತಾಯಿ