ಊಟದ ಮೇಜಿನ ಮೇಲೆ ಸೊರಗಿದ ಹಡಗು

ಮನೆಯಿಂದ,
ಶನಿವಾರ, ಇಪ್ಪತ್ತೆಂಟನೇ ತಾರೀಕು

ಪ್ರೀತಿಯ ಅಕ್ಕಾ,

ನಿನ್ನ ಮೊಣಕಾಲು ಹೇಗಿದೆ? ಮೆಟ್ಟಿಲು ಹತ್ತಬೇಡಿ ಎಂದು ಡಾಕ್ಟರು ಹೇಳಿದ್ದರೂ ಬಟ್ಟೆ ಒಣಹಾಕುವ ನೆಪದಲ್ಲಿ ನೀನು ತಾರಸಿಗೆ ಹೋಗುತ್ತಿದ್ದೀಯ ಎಂದು ನನಗೆ ಗೊತ್ತು. ಇಲ್ಲ ಎಂದು ಬರೆಯಬೇಡ, ನಾನು ನಂಬುವುದಿಲ್ಲ. ನಾನು ಚೆನ್ನಾಗಿದ್ದೇನೆ, ತಲೆ ಒಂದನ್ನು ಬಿಟ್ಟು. ಅದು ಕೆಟ್ಟು ಮೂರು ವಾರವಾಯಿತು. ಕಾರಣ, ಒಂದು ಹಡಗು.

ನಗಬೇಡ. ಎರಡು ಮೊಳದ ಮರದ ಹಡಗು. ಇವರ ಅರವತ್ತನೇ ಹುಟ್ಟಿದ ದಿನಕ್ಕೆ ನಮ್ಮ ಮಗರಾಯ ತಂದುಕೊಟ್ಟ, ಬಿಡಿ ಭಾಗ ಜೋಡಿಸಿ ಹಡಗು ಕಟ್ಟುವ ಪೆಟ್ಟಿಗೆ. ಬೆನ್ನೆಲುಬಿಗೆ ಒಂದು ಉದ್ದ ಹಲಗೆ, ಪಕ್ಕೆಲುಬುಗಳಿಗೆ ಹನ್ನೊಂದು ಅಡ್ಡ ಹಲಗೆ, ಮೇಲೆ ಹೊದಿಸಲು ಕಂತೆಗಟ್ಟಲೆ ತೆಳು ಪಟ್ಟಿ. ಊಟದ ಮೇಜು ಅವತ್ತಿನಿಂದ ಹಡಗಿನ ಬಂದರೇ ಆಯಿತು. ನಾವು ತಟ್ಟೆಗಳನ್ನು ತೊಡೆಯ ಮೇಲಿಟ್ಟುಕೊಂಡು ಉಂಡೆವು. ಬಟ್ಟೆ ಕ್ಲಿಪ್ಪುಗಳೆಲ್ಲ ಅಂಟು ಒಣಗುವವರೆಗೆ ಪಕ್ಕೆಲುಬು ಹಿಡಿದು ನಿಂತವು, ಇವರ ಪ್ಯಾಂಟು ಗಾಳಿಗೆ ಪಕ್ಕದ ಮನೆಯ ಅಂಗಳಕ್ಕೆ ಹಾರಿತು. ಆಗಲೂ ನಾನು ತುಟಿಪಿಟಕ್ಕೆನ್ನಲಿಲ್ಲ. ಅಪ್ಪ ಮಗ ಒಂದೆಡೆ ಕೂತು ನಗುತ್ತಿದ್ದರಲ್ಲ, ಅಷ್ಟು ಸಾಕಿತ್ತು.

ಪಕ್ಕೆಲುಬುಗಳೆಲ್ಲ ಅಂಟಿದ ಮೇಲೆ ಮಗ ಸ್ಟೀಲ್ ಸ್ಕೇಲು ಇಟ್ಟು ನೋಡಿ, "ಅಪ್ಪಾ, ಬೆನ್ನೆಲುಬು ಅರ್ಧ ಮಿಲಿಮೀಟರ್ ಸೊಟ್ಟ ಇದೆ" ಎಂದ. "ಮೂವತ್ತೈದು ವರ್ಷ ಗಡಿಯಾರ ರಿಪೇರಿ ಮಾಡಿದೋನಿಗೆ ಸೊಟ್ಟ ಯಾವುದು ಅಂತ ನೀನು ಹೇಳಿಕೊಡ್ತೀಯಾ? ನಿನ್ನ ಸ್ಕೇಲೇ ಸೊಟ್ಟ" ಎಂದರು ಇವರು. ಮಾತಿಗೆ ಮಾತು ಬೆಳೆಯಿತು. ಅರ್ಧ ಮಿಲಿಮೀಟರಿನಿಂದ ಶುರುವಾದದ್ದು ಅವನ ಕೆಲಸ, ಇವರ ಕೋಪ, ಹತ್ತು ವರ್ಷದ ಹಿಂದಿನ ಸೈಕಲ್ಲು, ಎಲ್ಲದಕ್ಕೂ ಹೋಯಿತು. ಕೊನೆಗೆ ಮಗ, ಒಂದನೇ ತಾರೀಕಿಗೆ ತಾನು ಕೆಲಸ ಮಾಡುವ ಪ್ರೆಸ್ಸಿನ ಹತ್ತಿರ ರೂಮು ಮಾಡಿಕೊಂಡು ಹೋಗುತ್ತೇನೆ ಎಂದುಬಿಟ್ಟ. "ಹೋಗಲಿ ಬಿಡು" ಎಂದರು ಇವರು. ಇರುವವನೊಬ್ಬ ಮಗ, ಅವನನ್ನು ಹೋಗಲಿ ಎನ್ನುವುದೇ! ನನ್ನನ್ನು ಕೇಳಿದವರು ಯಾರು?

ಮಾತು ನಿಂತರೂ ಹಡಗು ನಿಲ್ಲಲಿಲ್ಲ, ಇದಲ್ಲವೇ ಕರ್ಮ. ಪಟ್ಟಿ ಹೊದಿಸುವ ಮುಂಚೆ ಪಕ್ಕೆಲುಬುಗಳ ಅಂಚನ್ನು ಓರೆಯಾಗಿ ಉಜ್ಜಿ ಹದ ಮಾಡಬೇಕು. ಹಡಗಿನ ಹೊಟ್ಟೆ ಅಗಲ, ಮೂತಿ ಚೂಪು. ಪಟ್ಟಿ ಬಗ್ಗಿಸಿ ಇಟ್ಟರೆ ಹನ್ನೊಂದರ ಮೇಲೂ ಸಂದಿಯಿಲ್ಲದೆ ಕೂರಬೇಕು, ಎಡಕ್ಕೂ ಬಲಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಇರಬಾರದು. ಇವರಿಬ್ಬರೂ ಹಡಗನ್ನೇ ಪಾಲು ಮಾಡಿಕೊಂಡರು. ಬಲಗಡೆ ಅಪ್ಪನದು, ಎಡಗಡೆ ಮಗನದು. ಬೆಳಗ್ಗೆ ಇವರು ಅಂಗಡಿಗೆ ಹೋದ ಮೇಲೆ ಅವನು ಸ್ಯಾಂಡ್‌ಪೇಪರ್ ಹಿಡಿದು ಲೆಕ್ಕವಿಟ್ಟು ಉಜ್ಜುತ್ತಿದ್ದ. ಮಧ್ಯಾಹ್ನ ಅವನು ಪ್ರೆಸ್ಸಿಗೆ ಹೊರಟ ಮೇಲೆ ಇವರು ಬಂದು ಉಳಿ ಹಿಡಿದು ಕಣ್ಣಂದಾಜಿನಲ್ಲಿ ಕೆತ್ತುತ್ತಿದ್ದರು.

ಮೂತಿಯ ಹತ್ತಿರ ಇವರ ಕಡೆ ಒಂದಿಷ್ಟು ಹೆಚ್ಚು ಹೋಯಿತು. ಬಾಯಿ ಬಿಟ್ಟು ಹೇಳಬಾರದೇ? ಹೇಳುವುದಿಲ್ಲ. ಅದಕ್ಕೆ ಸರಿಯಾಗಲೆಂದು ಮಗ ತನ್ನ ಕಡೆಯನ್ನು ಉಜ್ಜಿದ, ಕೂದಲೆಳೆ ಜಾಸ್ತಿಯೇ. ಇವರು ಅದನ್ನು ನೋಡಿ ಮತ್ತೆ ತಮ್ಮ ಕಡೆ ಕೆತ್ತಿದರು. ಹೀಗೆ ಹನ್ನೆರಡು ದಿನ. ಒಬ್ಬರಿಗೊಬ್ಬರು ಹೊಂದಿಕೊಂಡು ಹೊಂದಿಕೊಂಡು ಹಡಗು ಜ್ವರ ಬಂದ ಮಗುವಿನ ಹಾಗೆ ಸೊರಗಿತು. ಎರಡರಿಂದ ಐದನೇ ಪಕ್ಕೆಲುಬಿನವರೆಗೆ ಪಟ್ಟಿ ಇಟ್ಟರೆ ಕೆಳಗೆ ಬೆಂಕಿಕಡ್ಡಿ ತೂರುವಷ್ಟು ಸಂದಿ. ಮೂರು ಹೊತ್ತೂ ಮರದ ಪುಡಿ ಗುಡಿಸಿದವಳು ನಾನು, ಅದೂ ಎರಡು ಗುಡ್ಡೆ, ಎಡದ್ದೊಂದು ಬಲದ್ದೊಂದು. ಹಟದಲ್ಲಿ ಇಬ್ಬರೂ ಒಂದೇ ಅಚ್ಚು ಅಕ್ಕಾ.

ಮಂಗಳವಾರ ಮಧ್ಯಾಹ್ನ ಇವರು ಬಂದು ನೋಡುತ್ತಾರೆ, ತಗ್ಗಾದ ಕಡೆಗಳಿಗೆಲ್ಲ ತೆಳ್ಳನೆಯ ಮರದ ಸೀಳು ಅಂಟಿಸಿ, ಓರೆ ತೆಗೆದು, ನುಣ್ಣಗೆ ಮಾಡಿಟ್ಟಿದೆ. ಎಡಗಡೆ ಮಾತ್ರವಲ್ಲ, ಇವರ ಬಲಗಡೆಯೂ. ಬೆರಳಾಡಿಸಿ ನೋಡಿದರು. ಆಮೇಲೆ ಅಡುಗೆಮನೆಗೆ ಬಂದು, "ನಿನ್ನ ಮಗ ತಪ್ಪಾಯ್ತು ಅಂತ ಬಾಯಲ್ಲಿ ಹೇಳಲ್ಲ ಕಣೇ, ಕೈಯಲ್ಲಿ ಹೇಳಿದಾನೆ" ಎಂದರು. ಕಣ್ಣು ಒದ್ದೆಯಾಗಿತ್ತು. ಮರುದಿನ ಬೆಳಗ್ಗೆ ಅಂಗಡಿಗೆ ಹೋಗದೆ ಮೇಜಿನ ಹತ್ತಿರವೇ ಸುಳಿದಾಡಿ, ಮಗ ಎದ್ದು ಬಂದಾಗ ಪಟ್ಟಿಯ ಒಂದು ತುದಿ ಅವನತ್ತ ಚಾಚಿ, "ಹಿಡ್ಕೋ" ಎಂದರು. ಹಿಡಿದ. ಪಟ್ಟಿ ಮೂತಿಯಿಂದ ಹಿಂಭಾಗದವರೆಗೆ ಸಂದಿಯಿಲ್ಲದೆ ಕೂತಿತು. ಮಧ್ಯಾಹ್ನವೇ ಅವನು ರೂಮಿನವರಿಗೆ ಫೋನು ಮಾಡಿ ರೂಮು ಬೇಡ ಎಂದ. ಬೆನ್ನೆಲುಬು ಸೊಟ್ಟಗಿದೆಯೋ ನೆಟ್ಟಗಿದೆಯೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ, ಆಗುವುದೂ ಬೇಡ.

ಮಂಡಿಗೆ ಬಿಸಿನೀರಿನ ಶಾಖ ಕೊಡು. ಮನೆಯ ಚಿಕ್ಕವರಿಗೆಲ್ಲ ನನ್ನ ಆಶೀರ್ವಾದ, ಭಾವನವರಿಗೆ ನಮಸ್ಕಾರ.

ನಿನ್ನ ಕಾಲು ಮುಟ್ಟುವ,
ತಂಗಿ

ಮರೆತ ಮಾತು: ಅಂಚೆ ಕಚೇರಿಯ ಕೌಂಟರಿನಲ್ಲಿ ನಿಂತು ಬರೆಯುತ್ತಿದ್ದೇನೆ. ಮೇಲಿನದನ್ನೆಲ್ಲ ಇವರು ಓದಿ, ಎರಡು ಕಡೆ ಕಾಗುಣಿತ ಬೇರೆ ತಿದ್ದಿದ್ದಾರೆ. ಆ ಸೀಳುಗಳನ್ನು ಅಂಟಿಸಿದವಳು ನಾನು. ಸೋಮವಾರ ಸಂಜೆ ಇಬ್ಬರೂ ಹೊರಗಿದ್ದಾಗ, ಚಿಲಕ ಹಾಕಿಕೊಂಡು. ನಮ್ಮಪ್ಪನ ಬಡಗಿ ಅಂಗಡಿಯಲ್ಲಿ ನಾನೂ ನೀನೂ ಕುರ್ಚಿ ಕಾಲುಗಳಿಗೆ ಚೂರು ಕೂರಿಸುತ್ತಿದ್ದೆವಲ್ಲ, ಹಾಗೆಯೇ. ಮದುವೆಯಾದ ಮೇಲೆ ಉಳಿ ಮುಟ್ಟಿರಲಿಲ್ಲ, ಆದರೂ ಕೈ ಮರೆತಿಲ್ಲ. ಮಗ ಅದನ್ನು ಅಪ್ಪ ಮಾಡಿದ್ದು ಅಂದುಕೊಂಡಿದ್ದಾನೆ. ಇಬ್ಬರೂ ಬಾಯಿ ಬಿಟ್ಟು ಕೇಳಿಕೊಳ್ಳುವವರಲ್ಲ, ನೀನೂ ಹೇಳಬೇಡ. ಈಗ ಹೊರಡುವಾಗ ಇವರು, "ನೋಡೇ, ಅದು ನಮ್ಮ ವಂಶದ ಕೈ" ಎಂದರು. ಹ್ಞೂಂ ಎಂದು ಚೀಲ ಎತ್ತಿಕೊಂಡು ಬಂದೆ. ಸಿಟ್ಟು ಬಂತು ಅಕ್ಕಾ, ಅಳುವೂ ಬಂತು. ಕೆಲಸ ಚೆನ್ನಾಗಿ ಆಗಿದೆ ಎಂದು ನೀನಾದರೂ ನನಗೆ ಒಂದು ಸಾಲು ಬರೆ. ಯಾವ ಕೆಲಸ ಎಂದು ಬರೆಯಬೇಡ, ಕಾಗದ ಒಡೆಯುವವರು ಇವರೇ.